‘14 ಬರುದೇ ಇಲ್ಲ ಟೀಚರ್’: ಉಡುಪಿ ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ಕಳೆದ ಮೇ ಕೊನೆಗೆ ನಿವೃತ್ತಳಾದ ಗಣಿತ ಶಿಕ್ಷಕಿ ನಾನು. ಮಲ್ಪೆಯಿಂದ ಹೆಚ್ಚು ದೂರವಿಲ್ಲದ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಕೊನೆಯ ಹದಿಮೂರು ವರ್ಷ ಪಾಠ ಮಾಡಿದೆ. ಅದಕ್ಕೆ ಮೊದಲು ಘಟ್ಟದ ಮೇಲೆ. ನೌಕರಿಯಲ್ಲಿದ್ದಾಗ ಇಲಾಖೆಗೆ ಬರೆದದ್ದೆಲ್ಲ ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗಿ ‘ತಮ್ಮ ಅವಗಾಹನೆಗೆ’ ಎಂದು ಮುಗಿಯುತ್ತಿತ್ತು. ಈಗ ಪಿಂಚಣಿಯ ಕಡತವೂ ಹೋಗಿಯಾಯಿತು. ಹಾಗಾಗಿ ಸ್ವಲ್ಪ ಉದ್ದಕ್ಕೆ, ಊರಿನವರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಕೇಳುವುದು ಇಷ್ಟೇ. ನಾಲ್ಕಾರು ಶಾಲೆಗಳ ಮಕ್ಕಳು ಸೇರಿ ಒಂದೇ ಒಂದು ಲೆಕ್ಕವನ್ನು ಫೋನು, ಕಂಪ್ಯೂಟರಿನ ಮೂಲಕ ವಾರಗಟ್ಟಲೆ ಜಗ್ಗಾಡಿ ಬಿಡಿಸುವುದಕ್ಕೆ ನಮ್ಮ ಜಿಲ್ಲೆಯಲ್ಲಿ ಜಾಗ ಮಾಡಿಕೊಡಿ. ಆ ಕೆಲಸದಲ್ಲಿ ಮಗು ಇಟ್ಟ ತಪ್ಪು ಹೆಜ್ಜೆಗೂ ಬೆಲೆ ಸಿಗುವಂತೆ ಮಾಡಿ. ಉಳಿದದ್ದೆಲ್ಲ ಇದು ನನ್ನ ತಲೆಗೆ ಹೇಗೆ ಹೊಕ್ಕಿತು ಎಂಬ ಕಥೆ.

ಕಳೆದ ವರ್ಷದ ಜುಲೈ. ರೆಡ್ ಅಲರ್ಟ್ ಎಂದು ರಾತ್ರಿ ಒಂಬತ್ತೂವರೆಗೆ ಜಿಲ್ಲಾಧಿಕಾರಿಗಳ ರಜೆಯ ಆದೇಶ ಬಂತು. ಹತ್ತನೆಯ ತರಗತಿಗೆಂದು ನಮ್ಮದೊಂದು ವಾಟ್ಸ್ಯಾಪ್ ಗುಂಪು ಇತ್ತು. ಹೆಸರಿಗೆ ಪೋಷಕರದ್ದು, ನೋಡುವವರು ಮಕ್ಕಳೇ. ಅದರಲ್ಲಿ ಕುಣಿಯುವ ಬೊಂಬೆಗಳೆಲ್ಲ ಬಂದು ಹೋದವು. ಈ ಮಳೆ ರಜೆಗಳನ್ನು ಮುಂದೆ ಶನಿವಾರ ಪೂರ್ತಿ ದಿನ ಶಾಲೆ ಮಾಡಿ ತೀರಿಸಬೇಕೆಂದು ಮಕ್ಕಳಿಗೂ ಗೊತ್ತು. ಆದರೆ ರಾತ್ರಿ ಒಂಬತ್ತೂವರೆಗೆ ಶನಿವಾರದ ಚಿಂತೆ ಯಾರಿಗೆ? ಮರುದಿನ ಬೆಳಿಗ್ಗೆ ಎಂಟಕ್ಕೆ ನಾನು ಒಂದು ಪ್ರಶ್ನೆ ಹಾಕಿದೆ. ಎರಡು ಅಥವಾ ಹೆಚ್ಚು ಕ್ರಮಾನುಗತ ಸ್ವಾಭಾವಿಕ ಸಂಖ್ಯೆಗಳನ್ನು ಕೂಡಿಸಿ ಯಾವ ಯಾವ ಸಂಖ್ಯೆ ಮಾಡಬಹುದು? 9 ಅಂದರೆ 4 + 5. ಅದೇ 9, 2 + 3 + 4 ಕೂಡ ಹೌದು. 1ರಿಂದ 60ರ ತನಕ ಹುಡುಕಿ, ಯಾವುದು ಬರುವುದಿಲ್ಲ ಹೇಳಿ.

ಜೊತೆಗೆ ನಾಲ್ಕು ಕಟ್ಟುಪಾಡು. ಪೂರ್ತಿ ಉತ್ತರ ಯಾರೂ ಹಾಕಬಾರದು. ಒಬ್ಬರು ಒಂದು ಸಲಕ್ಕೆ ಒಂದೇ ಸಂಗತಿ ಹೇಳಬೇಕು. ತಪ್ಪಿರಬಹುದು ಅನಿಸಿದರೂ ಹಾಕಬೇಕು. ಹಾಕಿದ್ದನ್ನು ಅಳಿಸಬಾರದು.

ಬೆಸ ಸಂಖ್ಯೆಗಳು ಚಾ ಕುಡಿಯುವಷ್ಟರಲ್ಲಿ ಮುಗಿದವು. ‘ಅರ್ಧ ಮಾಡಿ ಆಚೆ ಈಚೆ ತಗೊಂಡ್ರೆ ಆಯ್ತಲ್ಲ ಟೀಚರ್’ ಎಂದು ಒಬ್ಬಳು ಬರೆದಳು. ಬರೆದಳು ಎಂದರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಅದನ್ನು ಓದಲು ನನಗೆ ಮೊದಮೊದಲು ಗಣಿತಕ್ಕಿಂತ ಹೆಚ್ಚು ಕಷ್ಟವಾಗುತ್ತಿತ್ತು. 45ಕ್ಕೆ ಒಬ್ಬ ನಾಲ್ಕು ದಾರಿ ಹುಡುಕಿದ. ಐದನೆಯದನ್ನು, 1ರಿಂದ 9ರ ತನಕ ಕೂಡಿಸಿದರೂ 45 ಎಂಬುದನ್ನು, ತರಗತಿಯಲ್ಲಿ ಬಾಯಿಯೇ ಬಿಡದ ಒಬ್ಬಳು ಹಾಕಿದಳು. ಅಷ್ಟರಲ್ಲಿ ಒಬ್ಬ ಹುಡುಗ ಬರೆದ: ‘14 ಬರುದೇ ಇಲ್ಲ ಟೀಚರ್.’ ಅವನ ಮೇಲೆ ಮೂರು ಜನ ಒಟ್ಟಿಗೆ ಬಿದ್ದರು. ‘ಬರ್ತದೆ ಮಾರಾಯ, 2 + 3 + 4 + 5 ಕೂಡಿಸಿ ನೋಡು.’ ಅವನು ಸುಮ್ಮನಾದ.

ಆಮೇಲೆ 16. ಅದು ಬರಲಿಲ್ಲ. ಎಲ್ಲರೂ ತಡಕಾಡಿದರು, ಬರಲಿಲ್ಲ. ಹನ್ನೆರಡಕ್ಕೆ ನಮ್ಮ ಕಡೆ ಕರೆಂಟು ಹೋಯಿತು, ಟವರೂ ಹೋಯಿತು. ಮೂರು ಗಂಟೆಗೆ ಮತ್ತೆ ಗುಂಪು ತೆರೆದು ನೋಡಿದರೆ ಪಟ್ಟಿ ಸಿದ್ಧವಾಗಿತ್ತು: 1, 2, 4, 8, 16, 32. ಇಷ್ಟು ಮಾತ್ರ ಬರುವುದಿಲ್ಲ. ಕೆಳಗೆ ಯಾರೋ, ‘64 ಕೂಡ ಬರ್ಲಿಕ್ಕಿಲ್ಲ, ಬೆಟ್’ ಎಂದಿದ್ದರು. ಅದರ ಕೆಳಗೆ ಒಂದು ಧ್ವನಿ ಸಂದೇಶ, ಹಿಂದೆ ಹಂಚಿನ ಮೇಲೆ ಮಳೆಯ ಸದ್ದು, ಪೂರ್ತಿ ತುಳುವಿನಲ್ಲಿ: ಎರಡನ್ನು ಎರಡರಿಂದ ಗುಣಿಸುತ್ತಾ ಹೋದರೆ ಸಿಗುವ ಸಂಖ್ಯೆಗಳು ಮಾತ್ರ ಕೈಗೆ ಸಿಗುವುದಿಲ್ಲ, ಯಾಕೆಂದು ಮಾತ್ರ ಗೊತ್ತಾಗುವುದಿಲ್ಲ. ಮೂವತ್ತೊಂದು ವರ್ಷ ಪಾಠ ಮಾಡಿದವಳು ನಾನು. ‘ಯಾಕೆಂದು ಗೊತ್ತಾಗುವುದಿಲ್ಲ’ ಎಂದು ಒಂದು ಮಗು ಯಾರೂ ಕೇಳದೆ ತಾನಾಗಿ ಹೇಳಿದ್ದನ್ನು ಬೆರಳಲ್ಲಿ ಎಣಿಸುವಷ್ಟು ಸಲ ಕೇಳಿದ್ದೇನೆ.

ಆ ‘ಯಾಕೆ’ಗೆ ಮತ್ತೆರಡು ದಿನ ಹಿಡಿಯಿತು. ಬಿಡಿಸುವ ತುದಿ ಸಿಕ್ಕಿದ್ದು 14ರ ಹುಡುಗನಿಗೆ. ಅವನು ಮರುದಿನ ಸಂಜೆ ಒಂದು ಫೋಟೊ ಹಾಕಿದ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದದ್ದು. 14 ಅಂದರೆ ಏಳೆರಡ್ಲ ಹದಿನಾಲ್ಕು. ಹಾಗಾದರೆ 2ನ್ನು ನಡುವೆ ಇಟ್ಟು ಆಚೆ ಮೂರು, ಈಚೆ ಮೂರು, ಒಟ್ಟು ಏಳು ಸಂಖ್ಯೆ ಬರೆದರೆ ಮೊತ್ತ 14 ಆಗಬೇಕು. ಬರೆದಿದ್ದಾನೆ: −1, 0, 1, 2, 3, 4, 5. ಕೆಳಗೆ ಟಿಪ್ಪಣಿ: ‘ಇದು ತಪ್ಪು ಟೀಚರ್, ಋಣ ಬಂತು. ತಪ್ಪಾದ್ರೂ ಹಾಕಿ ಅಂದಿದ್ರಿ, ಹಾಕಿದೆ.’

ಐದು ನಿಮಿಷದಲ್ಲಿ ಒಬ್ಬಳ ಉತ್ತರ: ‘ತಪ್ಪಲ್ಲ ಅದು. −1ಕ್ಕೂ 1ಕ್ಕೂ ಹೊಡೆದು ಹೋಯ್ತು, ಸೊನ್ನೆ ಲೆಕ್ಕಕ್ಕಿಲ್ಲ. ಉಳಿದದ್ದು ನೋಡು.’ ಉಳಿದದ್ದು 2 + 3 + 4 + 5. ಹಿಂದಿನ ದಿನ ಅವನ ಬಾಯಿ ಮುಚ್ಚಿಸಲು ಎಲ್ಲರೂ ಎಸೆದದ್ದು ಅದನ್ನೇ.

ಅಲ್ಲಿಂದ ಮುಂದೆ ಗುಂಪು ಓಡಿತು. 44ಕ್ಕೆ 11 ಸಂಖ್ಯೆ, ನಡುವೆ 4: −1ರಿಂದ 9ರ ತನಕ. ಹೊಡೆದು ಹಾಕಿದರೆ 2ರಿಂದ 9. ಸರಿಯಾಯಿತು. 52ಕ್ಕೆ 13 ಸಂಖ್ಯೆ, ಅದೂ ಸರಿ. ಅಂದರೆ ಒಂದು ಸಂಖ್ಯೆಗೆ 1 ಬಿಟ್ಟು ಬೇರೆ ಬೆಸ ಅಪವರ್ತನ ಇದ್ದರೆ ಸಾಕು, ದಾರಿ ಇದೆ. ಎರಡರಿಂದ ಎರಡನ್ನು ಗುಣಿಸುತ್ತಾ ಹೋದ ಸಂಖ್ಯೆಗಳಿಗೆ ಅಂಥ ಬೆಸ ಅಪವರ್ತನವೇ ಇಲ್ಲ! ಸರಿ, ಆದರೆ ಬೆಸ ಅಪವರ್ತನ ಇಲ್ಲದಿದ್ದರೆ ಬೇರೆ ಯಾವ ಉಪಾಯದಿಂದಲೂ ಬರಲಾರದು ಎಂದು ಹೇಗೆ ಹೇಳುತ್ತೀರಿ ಎಂದು ನಾನು ಕೆಣಕಿದೆ. ಮೂರನೆಯ ದಿನ ಸಮಾಂತರ ಶ್ರೇಢಿಯ ಸೂತ್ರ ಹಿಡಿದುಕೊಂಡು ಇಬ್ಬರು ಬಂದರು. ಮೊದಲ ಸಂಖ್ಯೆ, ಕೊನೆಯ ಸಂಖ್ಯೆ ಕೂಡಿಸಿ, ಎಷ್ಟು ಸಂಖ್ಯೆಗಳಿವೆಯೋ ಅದರಿಂದ ಗುಣಿಸಿದರೆ ಮೊತ್ತದ ಎರಡು ಪಟ್ಟು ಸಿಗುತ್ತದೆ. ಎಣಿಕೆ ಸಮವಾದರೆ ಮೊದಲ ಮತ್ತು ಕೊನೆಯದರ ಮೊತ್ತ ಬೆಸ; ಆ ಮೊತ್ತ ಸಮವಾದರೆ ಎಣಿಕೆ ಬೆಸ. ಎರಡರಲ್ಲಿ ಒಂದು ಬೆಸ ಆಗಲೇಬೇಕು, ಅದೂ 1ಕ್ಕಿಂತ ದೊಡ್ಡದು. 32ರ ಎರಡು ಪಟ್ಟು 64. ಅದನ್ನು ಎಷ್ಟು ಒಡೆದರೂ ಎರಡರ ಮೇಲೆ ಎರಡೇ. ಮುಗಿಯಿತು. ತುಳುವಿನ ಹುಡುಗ ‘ತಿಕ್ಕ್‌ಂಡ್!’ ಎಂದು ಒಂದೇ ಪದ ಕಳಿಸಿದ. ಸಿಕ್ಕಿತು ಎಂದು.

ಮಾನ್ಯರೇ, ನನಗೆ ಆ ರಾತ್ರಿ ಸಂತೋಷಕ್ಕಿಂತ ಹೆಚ್ಚು ಕಾಡಿದ್ದು ಬೇರೆ. −1, 0, 1 ಎಂದು ಬರೆದ ಆ ಕ್ಯಾಲೆಂಡರಿನ ಹಾಳೆ ಪರೀಕ್ಷೆಯ ಉತ್ತರ ಪತ್ರಿಕೆಯಾಗಿ ನನ್ನ ಮೇಜಿಗೆ ಬಂದಿದ್ದರೆ ನಾನು ಸೊನ್ನೆ ಕೊಡುತ್ತಿದ್ದೆ. ಕೆಂಪು ಶಾಯಿಯಲ್ಲಿ ಅಡ್ಡ ಗೀಟು, ಪಕ್ಕಕ್ಕೆ ‘ಸ್ವಾಭಾವಿಕ ಸಂಖ್ಯೆ ಮಾತ್ರ’ ಎಂಬ ಷರಾ. ಎಷ್ಟು ವರ್ಷ, ಎಷ್ಟು ಮಕ್ಕಳಿಗೆ ಹಾಗೆ ಮಾಡಿದ್ದೇನೋ.

ಇದು ಮೊದಲ ಪ್ರಯತ್ನದಲ್ಲೇ ಗೆದ್ದ ಕಥೆ ಎಂದು ಭಾವಿಸಬೇಡಿ. ಅದೇ ಜೂನಿನಲ್ಲಿ ಒಂದು ಸಲ ಮುಗ್ಗರಿಸಿದ್ದೆ. ಕೈಕುಲುಕುವ ಲೆಕ್ಕ ಕೊಟ್ಟಿದ್ದೆ: ಹತ್ತು ಜನ ಒಬ್ಬರಿಗೊಬ್ಬರು ಕೈಕುಲುಕಿದರೆ ಒಟ್ಟು ಎಷ್ಟು ಸಲ? ಆಗ ಕಟ್ಟುಪಾಡು ಏನೂ ಇರಲಿಲ್ಲ. ತರಗತಿಗೆ ಮೊದಲಿಗ ಹನ್ನೊಂದು ನಿಮಿಷದಲ್ಲಿ ಪೂರ್ತಿ ಉತ್ತರ, 45 ಎಂದು, ಸೂತ್ರ ಸಮೇತ ಹಾಕಿದ. ನಾನೂ ದಡ್ಡಿಯ ಹಾಗೆ ‘ವೆರಿ ಗುಡ್’ ಎಂದೆ. ಉಳಿದ ಮೂವತ್ತು ಮಕ್ಕಳು ಸಾಲಾಗಿ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದರು. ಲೆಕ್ಕ ಸತ್ತಿತು. ಇನ್ನೊಮ್ಮೆ, ಯಾರೋ ತಪ್ಪು ಹೇಳಿದ್ದಕ್ಕೆ ಒಬ್ಬ ನಗುವ ಮುಖ ಹಾಕಿದ. ತಪ್ಪು ಹೇಳಿದ ಹುಡುಗಿ ಗುಂಪು ಬಿಟ್ಟು ಹೋದಳು. ಅವಳನ್ನು ವಾಪಸು ಕರೆತರಲು ನಾನು ಅವಳ ಅಮ್ಮನ ಹತ್ತಿರ ಎರಡು ಸಲ ಮಾತಾಡಬೇಕಾಯಿತು. ಈ ಕಟ್ಟುಪಾಡುಗಳೆಲ್ಲ ಹಾಗೆ ಎಡವಿ ಎಡವಿ ಬಂದದ್ದು.

ಆಮೇಲೆ ಗೊತ್ತಾಯಿತು, ದೊಡ್ಡ ಗಣಿತಜ್ಞರೂ ಇದೇ ದಾರಿಯಲ್ಲಿ ನಡೆದು ನೋಡಿದ್ದಾರೆ. ಕೇಂಬ್ರಿಜ್‌ನ ಟಿಮೊಥಿ ಗವರ್ಸ್ 1998ರಲ್ಲಿ ಗಣಿತದ ಬಹು ದೊಡ್ಡ ಪ್ರಶಸ್ತಿಯಾದ ಫೀಲ್ಡ್ಸ್ ಪದಕ ಪಡೆದವರು. 2009ರ ಆರಂಭದಲ್ಲಿ ಅವರು ಒಂದು ಗಟ್ಟಿ ಸಮಸ್ಯೆಯನ್ನು ಅಂತರಜಾಲದಲ್ಲಿ ಎಲ್ಲರ ಮುಂದಿಟ್ಟು, ಬನ್ನಿ, ಒಟ್ಟಿಗೆ ಬಿಡಿಸೋಣ ಎಂದರು. ನಾವು ಚಿಕ್ಕಂದಿನಲ್ಲಿ ಆಡುತ್ತಿದ್ದ ಸೊನ್ನೆ–ಇಂಟು ಆಟವನ್ನು ಎಷ್ಟೋ ಆಯಾಮಗಳಿಗೆ ಹಿಗ್ಗಿಸಿದರೆ ಹುಟ್ಟುವ ಪ್ರಮೇಯವದು, ಹೇಲ್ಸ್–ಜೂವೆಟ್ ಹೆಸರಿನ ಪ್ರಮೇಯದ ಒಂದು ಬಲವಾದ ರೂಪ. 1991ರಲ್ಲೇ ಅದಕ್ಕೊಂದು ಸಾಧನೆ, ಅಂದರೆ ಪ್ರೂಫ್, ಇತ್ತು, ಆದರೆ ಬಹಳ ಭಾರದ ಉಪಕರಣಗಳದ್ದು. ಸರಳ ಸಾಧನೆ ಸಿಗುತ್ತದೆಯೇ ಎಂಬುದು ಪ್ರಶ್ನೆ. ಅವರ ನಿಯಮ ನೋಡಿ: ಚಿಕ್ಕದಾಗಿ ಹೇಳಿ, ಅರ್ಧ ಬೆಂದ ಯೋಚನೆಯನ್ನೂ ಹೇಳಿ, ಪೆದ್ದು ಎನಿಸಿದರೂ ಹೇಳಿ, ಮೂಲೆಯಲ್ಲಿ ಒಬ್ಬರೇ ಕೂತು ಪೂರ್ತಿ ಮುಗಿಸಿಕೊಂಡು ಬರಬೇಡಿ. 37 ದಿನಗಳಲ್ಲಿ 27 ಜನ ಸುಮಾರು 800 ಟಿಪ್ಪಣಿ ಬರೆದರು, ದಾರಿ ಸಿಕ್ಕಿತು. ಪ್ರಬಂಧ ಹೊರಬಂದದ್ದು ಯಾರೊಬ್ಬರ ಹೆಸರಿನಲ್ಲೂ ಅಲ್ಲ, ‘ಪಾಲಿಮ್ಯಾತ್’ ಎಂಬ ಕಲ್ಪಿತ ಹೆಸರಿನಲ್ಲಿ. ಆ 27 ಜನರಲ್ಲಿ ಫೀಲ್ಡ್ಸ್ ಪದಕದವರ ಜೊತೆ ಒಬ್ಬ ಪ್ರೌಢಶಾಲೆಯ ಗಣಿತ ಮೇಷ್ಟ್ರೂ ಇದ್ದರು. ಇದನ್ನು ಓದಿದ ದಿನ ನಾನು ಗಂಡನಿಗೆ ಎರಡು ಸಲ ಓದಿ ಹೇಳಿದ್ದೇನೆ.

ಅದೇ ವರ್ಷ ಇನ್ನೊಬ್ಬ ಗಣಿತಜ್ಞ ಟೆರೆನ್ಸ್ ಟಾವ್ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿನ ಕೊನೆಯ ಪ್ರಶ್ನೆಯನ್ನು, ಮಿಡತೆ ಹಾರುವ ಲೆಕ್ಕವನ್ನು, ಹೀಗೇ ಎಲ್ಲರ ನಡುವೆ ಇಟ್ಟು ಬಿಡಿಸಲು ಕೊಟ್ಟರು. 2016ರಿಂದ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರ ಒಂದು ಕಾರ್ಯಕ್ರಮದಲ್ಲಿ ಪ್ರೌಢಶಾಲೆ, ಕಾಲೇಜಿನ ಮಕ್ಕಳೇ ಊರೂರಿನಿಂದ ಸೇರಿ, ಇನ್ನೂ ಉತ್ತರ ಗೊತ್ತಿಲ್ಲದ ಪ್ರಶ್ನೆಗಳ ಮೇಲೆ ಕೆಲಸ ಮಾಡಿದ್ದಾರೆ.

ನನಗೆ ಹೆಚ್ಚು ಇಷ್ಟವಾದ ಉದಾಹರಣೆ ಇನ್ನೊಂದು. 2013ರಲ್ಲಿ ಯಿಟಾಂಗ್ ಝಾಂಗ್ ಎಂಬ, ಯಾರಿಗೂ ಹೆಚ್ಚು ಪರಿಚಯವಿಲ್ಲದ ಉಪನ್ಯಾಸಕರೊಬ್ಬರು ಒಬ್ಬರೇ ಕೂತು ಒಂದು ಸಂಗತಿ ಸಾಧಿಸಿದರು: ನಡುವಿನ ಅಂತರ 7 ಕೋಟಿ ದಾಟದ ಅವಿಭಾಜ್ಯ ಸಂಖ್ಯೆಗಳ ಜೋಡಿಗಳು ಮುಗಿಯದಷ್ಟಿವೆ. ಕೂಡಲೇ ಪಾಲಿಮ್ಯಾತ್ ಗುಂಪು ಸೇರಿ ಆ 7 ಕೋಟಿಯನ್ನು ಉಜ್ಜಿ ಉಜ್ಜಿ 4,680ಕ್ಕೆ ಇಳಿಸಿತು. ಅಷ್ಟರಲ್ಲಿ ಜೇಮ್ಸ್ ಮೇನಾರ್ಡ್ ಎಂಬ ಯುವಕ ಮತ್ತೆ ಒಬ್ಬರೇ ಯೋಚಿಸಿ ಬೇರೆ ದಾರಿಯಲ್ಲಿ 600ಕ್ಕೆ ತಂದರು. ಆ ದಾರಿ ಹಿಡಿದು ಗುಂಪು 246ಕ್ಕೆ ಮುಟ್ಟಿತು. ಒಬ್ಬರು, ಆಮೇಲೆ ಹಲವರು, ಮತ್ತೆ ಒಬ್ಬರು, ಮತ್ತೆ ಹಲವರು. ನನ್ನ ಕ್ಯಾಲೆಂಡರಿನ ಹುಡುಗನೂ ಒಂದು ದಿನವಿಡೀ ಸುಮ್ಮನಿದ್ದ ಮೇಲೆಯೇ ಫೋಟೊ ಹಾಕಿದ್ದು. ‘ಗುಂಪು ಚಟುವಟಿಕೆ’ ಎಂದ ಕೂಡಲೇ ಎಲ್ಲ ಮಕ್ಕಳನ್ನೂ ಒಟ್ಟಿಗೆ ಗಲಗಲ ಮಾತಾಡಿಸುವ ತರಬೇತಿಗಳಲ್ಲಿ ಕೂತು ಬಂದವಳು ನಾನು. ಸುಮ್ಮನಿರುವ ಮಗುವೂ ಕೆಲಸ ಮಾಡುತ್ತಿರಬಹುದು. ಮುಖಾಮುಖಿ ತರಗತಿಯ ನಲವತ್ತು ನಿಮಿಷದಲ್ಲಿ ಆ ಮೌನಕ್ಕೆ ಸಮಯವಿಲ್ಲ. ಬರೆದು ಇಟ್ಟ ಮಾತಿಗೆ ನಾಳೆ ಉತ್ತರಿಸಿದರೂ ನಡೆಯುತ್ತದೆ. ಆನ್‌ಲೈನಿನಿಂದ ಗಣಿತಕ್ಕೆ ಸಿಗುವ ನಿಜವಾದ ಲಾಭ ಇದೇ ಎಂದು ನನ್ನ ಎಣಿಕೆ.

ಕೊರೊನಾ ಕಾಲದ ಆನ್‌ಲೈನ್ ಪಾಠವನ್ನು ನೆನೆದು ನೀವು ಮುಖ ಕಿವುಚಬಹುದು. ನಾನೂ ಕಿವುಚುತ್ತೇನೆ. ಅದರಲ್ಲಿ ನಾನು ಮಾತಾಡುತ್ತಿದ್ದೆ, ಮಕ್ಕಳು ಮ್ಯೂಟ್‌ನಲ್ಲಿದ್ದರು. ಒಬ್ಬ ಹುಡುಗ ಸೈನ್ ಇನ್ ಆಗಿ ದನ ಕಟ್ಟಲು ಹೋಗುತ್ತಿದ್ದ ಎಂದು ಎಷ್ಟೋ ತಿಂಗಳ ಮೇಲೆ ಗೊತ್ತಾಯಿತು. ನಾನು ಕೇಳುತ್ತಿರುವುದರಲ್ಲಿ ಮ್ಯೂಟ್ ಆಗಬೇಕಾದವಳು ಟೀಚರು.

ನಮ್ಮ ಊರಿನವರಿಗೆ ಇದನ್ನು ವಿವರಿಸಲು ಕೇಂಬ್ರಿಜ್ ಬೇಕಾಗಿಯೂ ಇಲ್ಲ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ, ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ತಾಳಮದ್ದಳೆ ನಡೆಯುವ ಸೀಮೆ ನಮ್ಮದು. ಭಾಗವತರು ಪದ ಹೇಳುತ್ತಾರೆ. ಪಾತ್ರವಾಗಿ ಮಾತಾಡುವ ಅರ್ಥಧಾರಿಗಳ ಕೈಯಲ್ಲಿ ಬರೆದ ಮಾತು ಒಂದೂ ಇಲ್ಲ. ವಾಲಿ ಬಿದ್ದಿದ್ದಾನೆ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ರಾಮನನ್ನು ಕೇಳುತ್ತಾನೆ. ವಾಲಿ ಸಾಯುತ್ತಾನೆಂದು ಸಭೆಯ ಕೊನೆಯ ಸಾಲಿನ ಮಗುವಿಗೂ ಗೊತ್ತು. ಆದರೂ ಎರಡು ಗಂಟೆ ಯಾರೂ ಏಳುವುದಿಲ್ಲ, ಯಾಕೆಂದರೆ ರಾಮನಾದವನು ಆ ಪ್ರಶ್ನೆಗೆ ಉತ್ತರಿಸದೆ ಮುಂದಿನ ಪದಕ್ಕೆ ಹೋಗುವ ಹಾಗಿಲ್ಲ. ಎದುರಾಳಿ ಗಟ್ಟಿಯಿದ್ದಷ್ಟೂ ಇವನ ಅರ್ಥ ಏರುತ್ತದೆ. ಲೆಕ್ಕದಲ್ಲೂ ಉತ್ತರ ಪುಸ್ತಕದ ಹಿಂದೆ ಅಚ್ಚಾಗಿದೆ. ಅಲ್ಲಿಗೆ ಹೋಗುವ ದಾರಿಯಲ್ಲಿ ‘ಅದು ಹೇಗೆ?’ ಎಂದು ಕೇಳುವ ಒಬ್ಬ ವಾಲಿ ಬೇಕು. ನಮ್ಮ ತರಗತಿಗಳಲ್ಲಿ ಭಾಗವತರೂ ಟೀಚರೇ, ರಾಮನೂ ಟೀಚರೇ. ಮಕ್ಕಳು ಬರೀ ಸಭೆ.

ಫಲಿತಾಂಶ ಚೆನ್ನಾಗಿದೆಯಲ್ಲ, ಮತ್ತೇನು ಎನ್ನುತ್ತೀರಿ. ಹೌದು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ. 94 ಪಡೆದು ಉಡುಪಿ ರಾಜ್ಯಕ್ಕೇ ಮೊದಲು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ನಾವು ಎರಡನೆಯವರು. ಆ ಹೆಮ್ಮೆಯಲ್ಲಿ ನನ್ನದೂ ಪಾಲಿದೆ, ಸಂಜೆ ಆರರ ತನಕ ವಿಶೇಷ ತರಗತಿ ಮಾಡಿದವಳು ನಾನು. ಆದರೆ ವಿಶೇಷ ತರಗತಿಯಲ್ಲಿ ನಾನು ಕಲಿಸುತ್ತಿದ್ದದ್ದು ಪ್ರಶ್ನೆಯ ಮುಖ ನೋಡಿ ಅದು ಯಾವ ಜಾತಿಯದೆಂದು ಗುರುತಿಸುವುದನ್ನು. ಇದು ಎರಡು ಅಂಕದ್ದು, ಇದಕ್ಕೆ ಈ ಸೂತ್ರ. ಇದು ಥೇಲ್ಸ್ ಪ್ರಮೇಯ, ಚಿತ್ರ ಬರೆದರೆ ಅರ್ಧ ಅಂಕ ಖಂಡಿತ. ಗೊತ್ತಿಲ್ಲದ ಜಾತಿಯ ಲೆಕ್ಕ ಬಂದರೆ ಮಗು ಪೆನ್ನು ಕೆಳಗಿಡುತ್ತದೆ. ಪಾಸಾಗಿ ಹೋದ ನನ್ನ ಮಕ್ಕಳು ಪಿಯುಸಿ ವಿಜ್ಞಾನಕ್ಕೆ ಸೇರಿ ದಸರೆ ರಜೆಯ ಹೊತ್ತಿಗೆ ‘ಲೆಕ್ಕ ತಲೆಗೆ ಹೋಗುದಿಲ್ಲ ಟೀಚರ್’ ಎಂದು ಸಂತೆಕಟ್ಟೆಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಹೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ.

ಇನ್ನು ಅಡ್ಡಿಗಳ ಮಾತು. ದೊಡ್ಡ ಅಡ್ಡಿ ಫೋನು. ನಮ್ಮ ಶಾಲೆಯ ಅರ್ಧದಷ್ಟು ಮಕ್ಕಳ ಅಪ್ಪಂದಿರು ಬೋಟಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಅಪ್ಪ ಮನೆಯಲ್ಲಿ, ಅಪ್ಪನ ಫೋನೂ ಮನೆಯಲ್ಲಿ. ನನ್ನ ಗುಂಪು ಜುಲೈಯಲ್ಲಿ ಅಷ್ಟು ಜೋರಾಗಿ ನಡೆದದ್ದರ ಗುಟ್ಟು ಇದೇ ಎಂದು ನನಗೆ ಹೊಳೆದದ್ದು ಆಗಸ್ಟಿನಲ್ಲಿ. ಬೋಟುಗಳು ಕಡಲಿಗಿಳಿದವು, ಫೋನುಗಳೂ ಹೋದವು. ಗುಂಪಿನಲ್ಲಿ ಉಳಿದವರು ಹನ್ನೆರಡು ಮಕ್ಕಳು. ಅಮ್ಮನ ಫೋನನ್ನೇ ನಂಬಿದವರು ಅವಳು ಗೇರುಬೀಜದ ಕಾರ್ಖಾನೆಯಿಂದ ಬರುವ ತನಕ ಕಾಯಬೇಕು. ಅವಳು ಬಂದ ಮೇಲೆ ಅಣ್ಣನ ಸರದಿ ಮೊದಲು. ಆದ್ದರಿಂದ ಇದನ್ನು ‘ಮನೆಯ ಫೋನಿನಲ್ಲಿ ಮಾಡಿ’ ಎಂದು ಹೇಳಿ ಕೈತೊಳೆದುಕೊಂಡರೆ ಯಾರು ಹೊರಗುಳಿಯುತ್ತಾರೆಂದು ನಿಮಗೇ ಗೊತ್ತು. ಶಾಲೆಗೆ ಮಕ್ಕಳು ಮೊಬೈಲ್ ತರಬಾರದು, ಅದು ಹಾಗೆಯೇ ಇರಲಿ. ಕಂಪ್ಯೂಟರ್ ಕೋಣೆ ಇರುವ ಶಾಲೆಗಳಲ್ಲಿ ವಾರಕ್ಕೆ ಎರಡು ದಿನ, ಮಧ್ಯಾಹ್ನದ ಊಟದ ನಂತರದ ಒಂದು ಪಿರಿಯಡ್ ಇದಕ್ಕೆ ಬಿಟ್ಟುಕೊಡಿ. ಕೋಣೆಯ ಬೀಗದ ಕೈ ಗಣಿತದವರ ಹತ್ತಿರವೂ ಒಂದಿರಲಿ. ಇದು ಸಣ್ಣ ಮಾತೆಂದು ನಗಬೇಡಿ, ಎಷ್ಟೋ ಕಡೆ ಇಡೀ ಯೋಜನೆ ನಿಲ್ಲುವುದು ಆ ಬೀಗದ ಹತ್ತಿರ.

ಇನ್ನೊಂದು, ಹೆಣ್ಣುಮಕ್ಕಳ ನಂಬರು. ಒಂದೇ ಶಾಲೆಯ ಗುಂಪಾದರೆ ಹೇಗೋ ನಡೆಯುತ್ತದೆ. ಐದು ಶಾಲೆ ಸೇರಿದರೆ ಗೊತ್ತಿಲ್ಲದ ನೂರೈವತ್ತು ಮನೆಗಳಿಗೆ ಮಗಳ ನಂಬರು ಹೋಗುತ್ತದೆ. ಯಾವ ತಾಯಿ ಒಪ್ಪುತ್ತಾಳೆ? ನಾನಂತೂ ಒಪ್ಪಲಾರೆ. ಆದ್ದರಿಂದ ಶಾಲೆಗೆ ಒಂದೇ ಖಾತೆ ಸಾಕು, ಅದು ಶಿಕ್ಷಕರ ಕೈಯಲ್ಲಿರಲಿ. ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಫೋಟೊ ತೆಗೆದು ಆ ಖಾತೆಯಿಂದ ಹಾಕಲಿ. ಭಿನ್ನರಾಶಿ, ವರ್ಗಮೂಲಗಳನ್ನು ಫೋನಿನಲ್ಲಿ ಟೈಪ್ ಮಾಡುವ ಹಿಂಸೆಯೂ ತಪ್ಪುತ್ತದೆ. ಮಗುವಿನ ಮುಖ ಬೇಡ, ಪೂರ್ತಿ ಹೆಸರೂ ಬೇಡ. ನಮ್ಮ ಮಕ್ಕಳು ತಮಗೆ ತಾವೇ ಬಂಗುಡೆ, ಭೂತಾಯಿ, ಅಂಜಲ್ ಎಂದು ಮೀನಿನ ಹೆಸರಿಟ್ಟುಕೊಂಡಿದ್ದರು. ಕಾಣೆ ಎಂದು ಹೆಸರಿಟ್ಟುಕೊಂಡವಳು ದಿನಗಟ್ಟಲೆ ಕಾಣೆಯಾಗಿದ್ದೂ ಉಂಟು.

ನಕಲು ಮಾಡುವುದಿಲ್ಲವೇ ಎಂದು ಶಿಕ್ಷಕರೇ ಕೇಳುತ್ತಾರೆ. ಮಾಡುತ್ತಾರೆ. ಈಗ ಪ್ರಶ್ನೆಯ ಫೋಟೊ ತೆಗೆದರೆ ಬಿಡಿಸಿ ಕೊಡುವ ಆ್ಯಪ್‌ಗಳಿವೆ. ಕೃತಕ ಬುದ್ಧಿಮತ್ತೆ 2025ರ ಗಣಿತ ಒಲಿಂಪಿಯಾಡಿನ ಆರರಲ್ಲಿ ಐದು ಲೆಕ್ಕ ಬಿಡಿಸಿದೆ. ನನ್ನ 1ರಿಂದ 60ರ ಪ್ರಶ್ನೆ ಅದಕ್ಕೆ ಕಡಲೆಪುರಿ. ನಮ್ಮಲ್ಲೂ ಒಬ್ಬ ಒಂದು ಪುಟದ ಚೊಕ್ಕ ಸಾಧನೆ ತಂದು ಹಾಕಿದ್ದ, ಕನ್ನಡ ಪಂಡಿತರ ಭಾಷೆಯಲ್ಲಿ. ಉಳಿದವರು ಅವನನ್ನು ಬೈಯಲಿಲ್ಲ. ‘ಮೂರನೇ ಸಾಲು ಹೇಗೆ ಬಂತು?’ ಎಂದು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ನಾಳೆ ಹೇಳ್ತೇನೆ ಎಂದ. ನಿಜಕ್ಕೂ ಕೂತು ಓದಿಕೊಂಡು ಮರುದಿನ ಹೇಳಿದ, ಅದೂ ಒಂದು ಕಡೆ ತಪ್ಪಾಗಿ. ಒಬ್ಬನೇ ಕೂತು ಹೋಮ್‌ವರ್ಕ್ ಮಾಡುವವನಿಗೆ ಮೂರನೆಯ ಸಾಲಿನ ಬಗ್ಗೆ ಕೇಳುವವರು ಯಾರು? ನಾನು ಟಿಕ್ ಹಾಕಿ ಮುಂದಿನ ಪುಸ್ತಕಕ್ಕೆ ಹೋಗುತ್ತಿದ್ದೆ.

ಅಂಕದ ವಿಚಾರ. ಗಣಿತಕ್ಕೆ 80 ಲಿಖಿತ, 20 ಆಂತರಿಕ. ಆ 20ಕ್ಕಾಗಿ ನಡೆಯುವ ಚಟುವಟಿಕೆಗಳ ಅವಸ್ಥೆ ನಿಮಗೆ ಗೊತ್ತಿಲ್ಲದ್ದೇನಲ್ಲ: ಥರ್ಮೋಕೋಲಿನ ಶಂಕು, ಬಣ್ಣದ ಕಾಗದದ ಸಿಲಿಂಡರ್, ಅಕ್ಕನ ಹಳೆಯ ಪ್ರಾಜೆಕ್ಟಿಗೆ ಹೊಸ ರಟ್ಟು. ಡಿಸೆಂಬರ್ 22ಕ್ಕೆ ರಾಮಾನುಜನ್ ಫೋಟೊಕ್ಕೆ ಹಾರ ಹಾಕಿ ಅವರ ಹೆಸರಿನ ಜೊತೆ ಬರುವ 1729 ಎಂಬ ಸಂಖ್ಯೆಯ ರಂಗೋಲಿ ಬಿಡಿಸುತ್ತೇವೆ. ಅದೇ ರಾಮಾನುಜನ್ 1913ರಲ್ಲಿ ತನ್ನ ಲೆಕ್ಕಗಳನ್ನು ಲಕೋಟೆಯಲ್ಲಿಟ್ಟು, ಮುಖ ನೋಡದ ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಗೆ ಮದ್ರಾಸಿನಿಂದ ಕಳಿಸಿದ್ದು, ದೂರದ ಇನ್ನೊಂದು ತಲೆ ಸಿಗಲೆಂದು. ಆಂತರಿಕ ಅಂಕದಲ್ಲಿ ಒಂದು ಪಾಲನ್ನು ಈ ಜಂಟಿ ಲೆಕ್ಕಕ್ಕೆ ಕೊಡಲು ಶಿಕ್ಷಕರಿಗೆ ಅನುಮತಿ ಕೊಡಿ. ಉತ್ತರಕ್ಕೆ ಬೇಡ. ಬೇರೆಯವರ ಮಾತಿಗೆ ಕೇಳಿದ ಒಂದು ಒಳ್ಳೆಯ ಪ್ರಶ್ನೆಗೆ, ತಾನೇ ಕಂಡುಕೊಂಡ ತನ್ನ ತಪ್ಪಿಗೆ, ಇನ್ನೊಬ್ಬರಿಗೆ ಮುಂದುವರಿಸಲು ಬಂದ ಅರ್ಧ ಹೆಜ್ಜೆಗೆ. ಅಳಿಸದೆ ಇಟ್ಟ ಸಂಭಾಷಣೆಯೇ ದಾಖಲೆ, ಬೇರೆ ಕಡತ ಬೇಕಿಲ್ಲ.

ದಯವಿಟ್ಟು ಇದನ್ನೊಂದು ಸ್ಪರ್ಧೆ ಮಾಡಬೇಡಿ. ತಾಲೂಕು ಮಟ್ಟ, ಜಿಲ್ಲಾ ಮಟ್ಟ, ಪ್ರಥಮ, ದ್ವಿತೀಯ ಎಂದ ಕೂಡಲೇ ಮಕ್ಕಳು ಉತ್ತರ ಮುಚ್ಚಿಡಲು ಶುರು ಮಾಡುತ್ತಾರೆ, ಮಕ್ಕಳಿಗಿಂತ ಮೊದಲು ನಾವು ಶಿಕ್ಷಕರು. ಹೊಸ ಹೆಸರಿಟ್ಟು, ಲೋಗೊ ಮಾಡಿಸಿ, ಉದ್ಘಾಟನೆಗೆ ಮಕ್ಕಳನ್ನು ಬಿಸಿಲಿಗೆ ನಿಲ್ಲಿಸುವುದೂ ಬೇಡ. ತಿಂಗಳಿಗೊಮ್ಮೆ ಗೂಗಲ್ ಫಾರ್ಮ್ ತುಂಬಿಸಿ ‘ಎಷ್ಟು ಮಕ್ಕಳು ಭಾಗವಹಿಸಿದರು, ಫೋಟೊ ಲಗತ್ತಿಸಿ’ ಎಂದು ಕೇಳಿದರೆ ಮೂರನೆಯ ತಿಂಗಳಿಗೆ ಎಲ್ಲ ಶಾಲೆಯಲ್ಲೂ ನೂರಕ್ಕೆ ನೂರು ಭಾಗವಹಿಸುತ್ತಾರೆ, ಲೆಕ್ಕ ಮಾತ್ರ ಯಾರೂ ಮಾಡುವುದಿಲ್ಲ. ಮೊದಲ ವರ್ಷ ಐದೇ ಶಾಲೆ ಸಾಕು, ಇಷ್ಟವಿದ್ದವರದ್ದು: ಕಡಲ ಬದಿಯದ್ದೊಂದು, ಕಾರ್ಕಳದ ಕಡೆಯದ್ದೊಂದು, ಬೈಂದೂರಿನದ್ದೊಂದು, ಹೆಬ್ರಿಯ ಮೇಲಿನದ್ದೊಂದು, ಪೇಟೆಯದ್ದೊಂದು. ಕುಂದಾಪುರ ಕನ್ನಡದ ಮಗು ‘ಎಂತಕ್ಕೆ?’ ಎಂದು ಕೇಳಿ, ತುಳು ಮಗು ಅದಕ್ಕೆ ಉತ್ತರ ಹುಡುಕಲಿ. ಸುರತ್ಕಲ್‌ನ ಎನ್‌ಐಟಿಕೆಯಲ್ಲೋ ಮಣಿಪಾಲದಲ್ಲೋ ಓದುವ, ಲೆಕ್ಕದ ಹುಚ್ಚಿರುವ ನಾಲ್ಕು ಹುಡುಗ ಹುಡುಗಿಯರು ವಾರಕ್ಕೊಮ್ಮೆ ಇಣುಕಿ ನೋಡುವಂತಾದರೆ ಒಳ್ಳೆಯದು. ಆದರೆ ಅವರಿಗೆ ಮೊದಲೇ ಹೇಳಿಡಬೇಕು, ಉತ್ತರ ಹೇಳಬಾರದೆಂದು. ಬಲ್ಲವರಿಗೆ ಅದು ಎಷ್ಟು ಕಷ್ಟ ಎಂದು ನನಗೆ ಗೊತ್ತು. 14ರ ಹುಡುಗ ಫೋಟೊ ಹಾಕಿದಾಗ ‘−1, 1 ಹೊಡೆದು ಹಾಕು’ ಎಂದು ಟೈಪ್ ಮಾಡಿ, ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು, ಅಳಿಸಿದವಳು ನಾನು. ಅಳಿಸಿದ ಸ್ವಲ್ಪ ಹೊತ್ತಿಗೇ ‘ತಪ್ಪಲ್ಲ ಅದು’ ಎಂದು ಆ ಹುಡುಗಿಯ ಉತ್ತರ ಬಂತು.

ಒಂದು ಪ್ರಶ್ನೆ ಬಾಕಿಯಿದೆ. 45ಕ್ಕೆ ಐದು ದಾರಿ, 15ಕ್ಕೆ ಮೂರು, 14ಕ್ಕೆ ಒಂದೇ. ಯಾವ ಸಂಖ್ಯೆಗೆ ಎಷ್ಟು ದಾರಿ ಎಂದು ನೋಡಿದ ಕೂಡಲೇ ಹೇಳಲು ಬರುತ್ತದೆಯೇ ಎಂದು ಮಕ್ಕಳೇ ಎತ್ತಿದ್ದರು. ಪರೀಕ್ಷೆ ಹತ್ತಿರ ಬಂತು, ಕೈಬಿಟ್ಟರು. ಅವರು ಪಾಸಾಗಿ ಹೋದರು, ನಾನೂ ಹೋದೆ. ಮೊದಲ ಐದು ಶಾಲೆಗೆ ಇದನ್ನೇ ಕೊಡಬಹುದು. ಉತ್ತರ ಇಲ್ಲಿ ಬರೆಯುವುದಿಲ್ಲ.

ಮಂಗಳವಾರ, ಗುರುವಾರ ನನಗೆ ಬಿಡುವು. ಯಾವ ಶಾಲೆ ಎಂದು ತಿಳಿಸಿದರೆ ಬಸ್ಸು ಹಿಡಿದು ಬರುತ್ತೇನೆ. ಗೌರವಧನ ಬೇಡ, ಕಂಪ್ಯೂಟರ್ ಕೋಣೆಯ ಬೀಗ ತೆರೆದಿದ್ದರೆ ಸಾಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕಿ, ಉಡುಪಿ ತಾಲೂಕು